ಅರ್ಧ ಕೇಜಿ ಹಗುರ

ನಮ್ಮೂರಿನಲ್ಲಿ ಸಂಜೆಯ ಬಸ್ಸು ಬೆಳಗಿನ ಬಸ್ಸಿಗಿಂತ ಕಡಿಮೆ ಜನರನ್ನು ಹತ್ತಿಸಿಕೊಳ್ಳುತ್ತದೆ. ಬಸ್ಸು ಅದೇ, ಸೀಟು ಅವೇ, ಜನರೂ ಹೆಚ್ಚುಕಡಿಮೆ ಅವರೇ. ಆದರೆ ದುಡಿದು ಬಂದವರ ದಣಿವಿನ ತೂಕಕ್ಕೆ ಹಿಂದಿನ ಚಕ್ರ ಕೂತುಬಿಡುತ್ತದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ, "ಅಣ್ಣ, ನಿಮ್ದು ಗಾರೆ ಕೆಲಸ ಅಲ್ವಾ, ಮುಂದಿನ ಬಸ್ಸಿಗೆ ಬನ್ನಿ. ಮೇಷ್ಟ್ರೇ, ನೀವು ಹತ್ತಿ" ಅನ್ನುತ್ತಾನೆ. ಮೇಷ್ಟ್ರಿಗೆ ಅದು ಅವಮಾನ. ಆದರೂ ಹತ್ತುತ್ತಾರೆ. ಮಹಡಿ ಮನೆಗಳಿಗೆ ಬಾಡಿಗೆ ಕಡಿಮೆ, ಸಂಜೆ ಅಷ್ಟು ಭಾರ ಹೊತ್ತು ಮೆಟ್ಟಿಲು ಹತ್ತುವವರು ಯಾರು? ರಾತ್ರಿ ಮಲಗಿ ಎದ್ದರೆ ಎಲ್ಲರೂ ಮತ್ತೆ ಹಗುರ. ಮಂಚಗಳು ಮಾತ್ರ ಬೇಗ ಮುರಿಯುತ್ತವೆ.

ಪ್ರತಿ ಮನೆಯ ಹೊಸ್ತಿಲ ಒಳಗೆ ಒಂದು ತೂಕದ ಹಲಗೆ ಇರುತ್ತದೆ. ಬೆಳಿಗ್ಗೆ ಹೊರಡುವಾಗ ಅದರ ಮೇಲೆ ನಿಂತು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯಬೇಕು. ಸಂಜೆ ಬಂದು ಮತ್ತೆ ನಿಲ್ಲಬೇಕು. ಹೆಚ್ಚಾದದ್ದು ಆವತ್ತಿನ ದಣಿವು. ಯಾರದು ಹೆಚ್ಚೋ ಅವರು ಕೂರುತ್ತಾರೆ, ಯಾರದು ಕಡಿಮೆಯೋ ಅವರು ಒಲೆ ಹಚ್ಚುತ್ತಾರೆ, ಬಡಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಯಾವ ಮನೆಯಲ್ಲೂ ಇದಕ್ಕೆ ಜಗಳವಿಲ್ಲ. ಹಲಗೆಯ ಮುಳ್ಳು ತೋರಿಸಿದ ಮೇಲೆ ಮುಗಿಯಿತು.

ನಮ್ಮ ಮನೆಯಲ್ಲಿ ಮೂರು ಜನ. ಅಣ್ಣ ಲೋಕಿ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಾನೆ, ಅವನದು ಯಾವಾಗಲೂ ಎಲ್ಲರಿಗಿಂತ ಮೇಲೆ. ಅಮ್ಮ ದೇವೀರಮ್ಮ ಕೊಡೆ ಕಾರ್ಖಾನೆಯಲ್ಲಿ ಬಟ್ಟೆಯನ್ನು ಕಡ್ಡಿಗೆ ಹೊಲಿಯುತ್ತಾಳೆ. ಅವಳದು ಐದು ಕೇಜಿಯ ಆಸುಪಾಸು. ನಾನು ಪಾರಿಜಾತ, ಬಿಕಾಂ ಎರಡನೇ ವರ್ಷ. ನನ್ನ ದಣಿವು ಎಂದೂ ಒಂದು ಕೇಜಿ ದಾಟಿದ್ದಿಲ್ಲ. ಆದ್ದರಿಂದ ನಮ್ಮ ಮನೆಯ ಪಾತ್ರೆಗಳ ಪರಿಚಯ ನನಗೆ ಚೆನ್ನಾಗಿದೆ.

ಕೊಡೆ ಹೊಲಿಯುವುದನ್ನು ನೋಡದವರಿಗೆ ಅದರಲ್ಲಿ ಐದು ಕೇಜಿ ಎಲ್ಲಿಂದ ಬರುತ್ತದೆ ಅನ್ನಿಸಬಹುದು. ಹೆಂಗಸರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ ಕೊಡೆಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಅದರ ಕೋಲನ್ನು ಗದ್ದದಿಂದ ಒತ್ತಿ ಹಿಡಿದು, ಒಂದೊಂದು ಕಡ್ಡಿಯ ತುದಿಗೂ ಸೂಜಿ ಹಾಕಬೇಕು. ಕಡ್ಡಿ ಬದಲಾದಾಗಲೆಲ್ಲ ಕೊಡೆ ತಿರುಗುವುದಿಲ್ಲ, ಇವರೇ ತಿರುಗಬೇಕು. ಸಂಜೆ ಅಮ್ಮ ಮನೆಗೆ ಬಂದು ಹಲಗೆಯಿಂದ ಇಳಿದರೆ ಗೋಡೆ ಹಿಡಿದು ಕುರ್ಚಿ ತಲುಪುತ್ತಿದ್ದಳು. ತಟ್ಟೆ ಕೊಟ್ಟರೆ ತುತ್ತು ಕೈಯಲ್ಲಿರುವಾಗಲೇ ನಿದ್ದೆ.

ಕಾರ್ಖಾನೆಯ ಸಾಹುಕಾರರು ಚೆನ್ನವೀರಪ್ಪ. ಕೆಟ್ಟ ಮನುಷ್ಯ ಅಲ್ಲ. ಆದರೆ ಒಂದು ರೂಪಾಯಿ ಆಚೆ ಕಳಿಸಿದರೆ ಅದು ಇನ್ನೊಂದನ್ನು ಕರೆದುಕೊಂಡು ಬರುವ ತನಕ ಬಾಗಿಲಲ್ಲೇ ಕಾಯುವವರು. ಅಂಥವರು ಯಾವ ಗಳಿಗೆಯಲ್ಲೋ ಮನಸ್ಸು ಮಾಡಿ, ಡಿಸೈನ್ ಓದಿಕೊಂಡು ಊರಿಗೆ ವಾಪಸಾಗಿದ್ದ ಸಬೀಹಾಳನ್ನು ಕರೆಸಿದರು. ಕೊಡೆಗೆ ಹೂವು ಬಳ್ಳಿ ಬರೆದುಕೊಡುತ್ತಾಳೆ ಅಂತ ಅವರು ಅಂದುಕೊಂಡಿದ್ದರು. ಸಬೀಹಾ ಬಂದವಳೇ ಹೆಂಗಸರ ಜೊತೆ ನೆಲದ ಮೇಲೆ ಕೂತು ಒಂದು ವಾರ ಕೊಡೆ ಹೊಲಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, "ಸರ್, ಕೊಡೆ ಚೆನ್ನಾಗೇ ಇದೆ. ಕೂರೋದು ಚೆನ್ನಾಗಿಲ್ಲ" ಅಂದಳು.

ಅವಳು ಮಾಡಿಸಿದ್ದು ಒಂದು ಸ್ಟ್ಯಾಂಡು. ಕೊಡೆಯನ್ನು ತಲೆಕೆಳಗಾಗಿ ಅದಕ್ಕೆ ಸಿಕ್ಕಿಸಿದರೆ ಎದೆಯ ಮಟ್ಟಕ್ಕೆ ಬಟ್ಟೆ ಬರುತ್ತದೆ. ಕೆಳಗಿನ ಪೆಡಲನ್ನು ಕಾಲಿನ ಹೆಬ್ಬೆರಳಿಂದ ಒತ್ತಿದರೆ ಕೊಡೆ ಒಂದು ಕಡ್ಡಿಯಷ್ಟು ತಿರುಗಿ ನಿಲ್ಲುತ್ತದೆ. ಮುಂದೆ ಬೆನ್ನಿಗೆ ಆನಿಕೆ ಇರುವ ಕುರ್ಚಿ. ಎಲ್ಲಾ ಸೇರಿ ಎರಡು ಲಕ್ಷ ಚಿಲ್ಲರೆ. ಬಿಲ್ಲು ನೋಡಿದ ದಿನ ಸಾಹುಕಾರರು ತಮ್ಮ ಆಫೀಸಿನ ಹಲಗೆ ಹತ್ತಿ ನಿಂತರಂತೆ, ಕೂತಲ್ಲೇ ಮೂರು ಕೇಜಿ ಏರಿದ್ದರಂತೆ.

ಮರುದಿನ ನನಗೆ ಕರೆ ಬಂತು. ಆಫೀಸಿನಲ್ಲಿ ಸಬೀಹಾಳೂ ಇದ್ದಳು. "ನೋಡಮ್ಮ ಪಾರಿ, ನೀನು ಕಾಮರ್ಸು. ನಿಮ್ಮಮ್ಮ ಇಲ್ಲೇ ಇದಾಳೆ, ನೀನು ಓಡಿಹೋಗೋಳಲ್ಲ. ಮೂರು ತಿಂಗಳು ಬಾಗಿಲಲ್ಲಿ ಕೂತು ಎಲ್ರನ್ನೂ ಬೆಳಿಗ್ಗೆ ಸಂಜೆ ತೂಕ ಹಾಕು. ಈ ಡಿಸೈನಿಗೆ ಹಾಕಿದ ದುಡ್ಡು ಎಷ್ಟು ವಾಪಸ್ ಬಂತು ಅಂತ ನಂಗೆ ಲೆಕ್ಕ ಬೇಕು" ಅಂದರು ಸಾಹುಕಾರರು.

"ದಣಿವು ಕಮ್ಮಿ ಆದ್ರೆ ತಪ್ಪು ಕಮ್ಮಿ ಆಗುತ್ತೆ ಸರ್. ರಜೆ ಕಮ್ಮಿ ಆಗುತ್ತೆ. ಕೆಲಸ ಬಿಟ್ಟು ಹೋಗೋರು ಕಮ್ಮಿ ಆಗ್ತಾರೆ" ಅಂದಳು ಸಬೀಹಾ.

"ಬರೀ ಕಮ್ಮಿ ಕಮ್ಮಿ ಅಂತೀಯಲ್ಲಮ್ಮ. ನಂಗೆ ಜಾಸ್ತಿ ಆಗೋದು ಯಾವ್ದು, ಅದ್ನ ಹೇಳು."

ಕೊನೆಗೆ ಇಬ್ಬರೂ ಸೇರಿ ಒಂದು ದರ ಕಟ್ಟಿದರು. ದಣಿವು ತೀರಾ ಏರಿದವರು ಮರುದಿನ ಬರುವುದಿಲ್ಲ, ಬರದಿದ್ದರೆ ಅಷ್ಟು ಕೊಡೆ ನಷ್ಟ. ಆ ಲೆಕ್ಕದಲ್ಲಿ ಒಬ್ಬ ಹೆಂಗಸಿನ ದಣಿವು ಒಂದು ಕೇಜಿ ಇಳಿದರೆ ದಿನಕ್ಕೆ ಅರ್ಧ ಕೊಡೆ ಲಾಭ. ನಾನು ಬರೆದುಕೊಂಡೆ. ಲೆಕ್ಕ ಚೆನ್ನಾಗಿ ಬಂದರೆ ಸಾಹುಕಾರರ ತಮ್ಮನ ಬೆಂಕಿಪೊಟ್ಟಣದ ಕಾರ್ಖಾನೆಯ ಕೆಲಸವೂ ಸಬೀಹಾಳಿಗೇ. ಬರದಿದ್ದರೆ ಸ್ಟ್ಯಾಂಡು ಕುರ್ಚಿ ಎಲ್ಲಾ ಗುಜರಿಗೆ, ಹೆಂಗಸರು ಮತ್ತೆ ನೆಲಕ್ಕೆ. ಹೊರಗೆ ಬಂದಾಗ ಸಬೀಹಾ, "ನಂಗೆ ಭಯ ಇಲ್ಲ ಕಣೆ. ನಾನು ಕೂತು ನೋಡಿದೀನಲ್ಲ, ಮೂರು ಕೇಜಿ ಇಳಿಯುತ್ತೆ" ಅಂದಳು. ಅವಳು ಅಣ್ಣ ಅತ್ತಿಗೆಯ ಮನೆಯಲ್ಲಿದ್ದಳು. ಬೆಂಕಿಪೊಟ್ಟಣದ ಕೆಲಸ ಸಿಕ್ಕರೆ ಒಂದು ರೂಮು ಮಾಡಬೇಕು ಅಂತಿದ್ದಳು, ನೆಲಮಹಡಿಯದ್ದೇ.

ಒಂದು ವಾರ ಹಳೇ ರೀತಿಯ ಕೆಲಸವನ್ನು ತೂಗಿದೆ. ಆಮೇಲೆ ಸ್ಟ್ಯಾಂಡುಗಳು ಬಂದವು. ಮೊದಲ ದಿನ ಸಂಜೆ ಮುಳ್ಳು ದಢಕ್ಕನೆ ಕೆಳಗಿಳಿಯಿತು. ಎರಡನೇ ದಿನವೂ ಅಷ್ಟೇ. ಸಬೀಹಾ ನನ್ನ ಕೆನ್ನೆ ಹಿಂಡಿ ಕುಣಿದಳು. ಮೂರನೇ ದಿನ ಅರ್ಧದಷ್ಟು ಜನ ಹಳೇ ತೂಕಕ್ಕೆ ಬಂದರು. ವಾರ ಕಳೆಯುವುದರೊಳಗೆ ಎಲ್ಲರೂ.

"ಹೊಸ ಚಪ್ಲಿ ಹಾಕ್ಕೊಂಡ್ರೂ ಎರಡು ದಿನ ಹಗುರ ಅನ್ಸುತ್ತೆ, ಆಮೇಲೆ ಕಾಲು ಅದೇ ಕಾಲು" ಅಂದರು ಸಾಹುಕಾರರು.

ನಾನು ಹಲಗೆ ಕೆಟ್ಟಿದೆಯೇನೋ ಅಂತ ಅಕ್ಕಿ ಮೂಟೆ ಇಟ್ಟು ನೋಡಿದೆ. ಸರಿಯಾಗೇ ತೋರಿಸಿತು. ಸಬೀಹಾ ಕುರ್ಚಿಯನ್ನು ತಗ್ಗಿಸಿದಳು, ಪೆಡಲಿಗೆ ರಬ್ಬರು ಹಾಕಿದಳು, ಕಿಟಕಿ ಕಡೆಗೆ ಸಾಲು ತಿರುಗಿಸಿದಳು. ಮುಳ್ಳು ಐದರಿಂದ ಅಲ್ಲಾಡಲಿಲ್ಲ. ಪ್ರತಿ ಶನಿವಾರ ಬಂದು ನನ್ನ ಪಕ್ಕ ನಿಂತು ಅಂಕಿಗಳನ್ನು ನೋಡುತ್ತಿದ್ದಳು. ಮೊದಮೊದಲು "ಇದೇನೇ ಇದು" ಅನ್ನುತ್ತಿದ್ದಳು, ಆಮೇಲೆ ನೋಡಿ ಹಾಗೇ ಹೊರಟುಹೋಗುತ್ತಿದ್ದಳು.

ಆ ಮೂರು ತಿಂಗಳು ನನಗೂ ಸಾಕಾಗಿಹೋಗಿತ್ತು. ಬೆಳಿಗ್ಗೆ ತೂಕ, ನಡುವೆ ಕಾಲೇಜು, ಸಂಜೆ ತೂಕ, ಮನೆಗೆ ಬಂದರೆ ನನ್ನದೇ ಎಲ್ಲರಿಗಿಂತ ಕಡಿಮೆ. "ಕುರ್ಚೀಲಿ ಕೂತು ಮುಳ್ಳು ನೋಡಿದ್ರೆ ಎಲ್ಲಿಂದ ಬರುತ್ತೆ ತೂಕ? ಹೋಗು, ಸಾರಿಗೆ ಒಗ್ಗರಣೆ ಹಾಕು" ಅನ್ನುತ್ತಿದ್ದ ಲೋಕಿ. ನಾನು ಒಗ್ಗರಣೆ ಹಾಕುತ್ತಿದ್ದೆ. ಅಮ್ಮ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದಳು, ಪಕ್ಕದ ಮನೆಯವಳ ಜೊತೆ ಕಿಟಕಿಯಲ್ಲೇ ಹರಟುತ್ತಿದ್ದಳು. ತಟ್ಟೆ ಕೊಟ್ಟರೆ ಉಪ್ಪು ಕಮ್ಮಿ ಅಂತ ಹೇಳುತ್ತಿದ್ದಳು. ಉಪ್ಪು ಕಮ್ಮಿ ಅಂತ ಹೇಳುವುದಕ್ಕೆ ಎಚ್ಚರ ಇರಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಒಂದು ಸಂಜೆ ಲೋಕಿ ಇನ್ನೂ ಬಂದಿರಲಿಲ್ಲ. ನಾನು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಒಲೆಯ ಪಕ್ಕ ಹಾಲು ಆರಲು ಇಟ್ಟಿತ್ತು. ಬೀದಿಯ ಬೆಕ್ಕು ಕಿಟಕಿಯಿಂದ ನುಗ್ಗಿ ಮೂತಿ ಹಾಕಿತು. "ಏಯ್ ಹಾಳ್ ಬೆಕ್ಕೇ!" ಅಂತ ಕೂಗು ಕೇಳಿ ತಿರುಗಿದರೆ, ಅಮ್ಮ ಕುರ್ಚಿಯಿಂದ ಒಂದೇ ನೆಗೆತಕ್ಕೆ ಒಲೆ ಮುಟ್ಟಿದ್ದಳು. ಐದು ಕೇಜಿ ದಣಿವಿನ ಹೆಂಗಸು ನಮ್ಮೂರಲ್ಲಿ ನೆಗೆಯುವುದಿಲ್ಲ. ಬೆಕ್ಕು ಓಡಿತು. ಅಮ್ಮನ ಸೊಂಟದಿಂದ ಏನೋ ಸಡಿಲಾಗಿ ಜಾರಿ ನೆಲದ ಮೇಲೆ ಝಣಝಣ ಅಂತ ಹರಡಿಕೊಂಡಿತು. ಕೊಡೆಯ ಕಡ್ಡಿಗಳು. ಮುರಿದವು, ಬಾಗಿದವು, ಕಾರ್ಖಾನೆಯ ಹಿಂದೆ ರಾಶಿ ಬಿದ್ದಿರುತ್ತವಲ್ಲ, ಅವೇ.

ನಾನು ಸೋಪಿನ ಕೈಯಲ್ಲೇ ನಿಂತೆ. ಅಮ್ಮ ಹಾಲಿನ ಪಾತ್ರೆ ಮುಚ್ಚಿ, ನಿಧಾನಕ್ಕೆ ಕೂತು, ಕಡ್ಡಿ ಆಯತೊಡಗಿದಳು.

"ಅಮ್ಮ, ಇದೇನು?"

"ಕಾಣಲ್ವಾ? ಕಡ್ಡಿ."

"ಎಲ್ರೂ ಕಟ್ಕೊಂಡಿದೀರಾ?"

"ಇನ್ನೇನು, ನಾನೊಬ್ಳೇ ಕಟ್ಕೊಂಡ್ರೆ ನೀನು ಬಿಡ್ತಿದ್ಯಾ ಬಾಗಿಲಲ್ಲಿ?" ಅಂದಳು. ಆಮೇಲೆ ಒಂದೊಂದೇ ಕಡ್ಡಿ ಜೋಡಿಸುತ್ತಾ ಹೇಳಿದಳು. "ಮೊದಲ್ನೇ ದಿನ ಸಬೀಹಾ ಮೇಡಂ ಪುಣ್ಯದಿಂದ ಎಲ್ರೂ ಹಗುರಾಗಿ ಮನೆಗೆ ಹೋದ್ವಿ. ನಮ್ ಜೊತೆ ಹೊಲಿಯೋ ಪುಟ್ಟಗಂಗಕ್ಕನ ಗಂಡ ಹಲಗೆ ನೋಡಿ, ಎಲ್ಲಿ ಅಲೆದಾಡ್ಕೊಂಡ್ ಬಂದೆ, ಕೆಲಸಕ್ಕೆ ಹೋಗಿಲ್ವಾ ಅಂದ್ನಂತೆ. ಅತ್ತೆ ಸೌಟು ಕೈಗೆ ಕೊಟ್ಟು ಹೋಗಿ ಕೂತ್ಕೊಂಡ್ಳಂತೆ. ಎಲ್ಲರ ಮನೇಲೂ ಅದೇ. ಅಲ್ಲಿ ಇಳಿದಿದ್ದು ಇಲ್ಲಿ ಹತ್ಕೊಳ್ತು. ಸಾಹುಕಾರ್ರಿಗೆ ಗೊತ್ತಾದ್ರೆ ಇನ್ನೇನು, ಹಗುರ ಇದೀರಲ್ಲ, ಇನ್ನೂ ಮೂವತ್ತು ಕೊಡೆ ಹೊಲೀರಿ ಅಂತಾರೆ. ಅದಕ್ಕೆ ಸಂಜೆ ಹೊರಡೋ ಮುಂಚೆ ಕಟ್ಕೊಳ್ತೀವಿ."

"ನಾನು ಇಲ್ಲಿ ಪಾತ್ರೆ ತಿಕ್ತಾ ಇದೀನಿ. ನೀನು ಹಗುರಾಗಿ ಕೂತ್ಕೊಂಡು ರೇಡಿಯೋ ಕೇಳ್ತಿದ್ದೆ."

"ಹೂಂ ಕಣೇ" ಅಂದಳು ಅಮ್ಮ. ನಾಚಿಕೆ ಇರಲಿಲ್ಲ ಆ ದನಿಯಲ್ಲಿ. "ಮುಂಚೆಯೂ ಕೂರ್ತಿದ್ದೆ. ಅದು ಕೂರೋದಲ್ಲ, ಬೀಳೋದು. ಈಗ ಕೂತ್ಕೊಂಡ್ರೆ, ಕೂತಿದೀನಿ ಅಂತ ಗೊತ್ತಾಗುತ್ತೆ."

ನಾನು ಮತ್ತೆ ಹಿತ್ತಿಲಿಗೆ ಹೋಗಿ ಉಳಿದ ಪಾತ್ರೆ ತೊಳೆದೆ. ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡುವಷ್ಟು ಶಕ್ತಿ ಇರಲಿಲ್ಲ. ಲೆಕ್ಕ ಮಾತ್ರ ತಾನೇ ತಾನಾಗಿ ತಲೆಯಲ್ಲಿ ಓಡುತ್ತಿತ್ತು. ಸಬೀಹಾಳ ಮೂರು ಕೇಜಿ ನಿಜವಾಗಿಯೂ ಇಳಿದಿತ್ತು. ಆದರೆ ಅದು ಯಾವ ಕಾಲಂನಲ್ಲೂ ಬರುವಂತಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಬರೆದರೆ ಸಾಹುಕಾರರು ಕೊಡೆ ಹೇರುತ್ತಾರೆ, ಮನೆಯವರು ಸೌಟು ಕೊಡುತ್ತಾರೆ. ಮುಳ್ಳು ತೋರಿಸಿದ್ದನ್ನೇ ಬರೆದರೆ ಸ್ಟ್ಯಾಂಡು ಗುಜರಿಗೆ ಹೋಗುತ್ತದೆ, ಅಮ್ಮ ಮತ್ತೆ ಗದ್ದದಲ್ಲಿ ಕೊಡೆ ಒತ್ತಿ ಹಿಡಿಯುತ್ತಾಳೆ. ಲೆಕ್ಕ ಒಪ್ಪಿಸಲು ಎರಡು ವಾರ ಉಳಿದಿತ್ತು. ಪಾತ್ರೆ ಬೋರಲು ಹಾಕಿ ಒಳಗೆ ಬಂದು ಅಮ್ಮನಿಗೆ ಅಷ್ಟನ್ನೂ ಹೇಳಿದೆ. ಅವಳು ರೇಡಿಯೋ ಆರಿಸಿದಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರು ನನ್ನನ್ನು ನಡುವೆ ಕೂರಿಸಿಕೊಂಡರು. ಸಂತೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡಿದಂತೆ ಮಾತು ನಡೆಯಿತು.

"ಕಾಲು ಕೇಜಿ ಇಳೀತು ಅಂತ ಬರ್ಕೊಳೇ ಪಾರಿ, ಸಾಕು" ಅಂದಳು ಪುಟ್ಟಗಂಗಕ್ಕ. ಅವಳು ಅಮ್ಮನ ಪಕ್ಕದ ಸ್ಟ್ಯಾಂಡಿನವಳು, ಬಾಯಿ ಜೋರು.

"ಕಾಲು ಕೇಜಿಗೆ ಎರಡು ಲಕ್ಷ ಯಾರು ಕೊಡ್ತಾರಕ್ಕ? ಬ್ಯಾಂಕಲ್ಲಿ ಇಟ್ಟಿದ್ರೆ ಅದಕ್ಕಿಂತ ಜಾಸ್ತಿ ಬರ್ತಿತ್ತು ಅಂತಾರೆ."

"ಹಂಗಾರೆ ಒಂದು ಕೇಜಿ."

"ಒಂದು ಕೇಜಿ ಅಂದ್ರೆ ಆಸೆ ಹುಟ್ಟುತ್ತೆ ಅವರಿಗೆ" ಅಂದಳು ಅಮ್ಮ. "ಒಂದು ಇಳಿದ ಮೇಲೆ ಇನ್ನೊಂದು ಹೇರಬಹುದಲ್ಲ ಅಂತ."

ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ. ಅರ್ಧ ಕೇಜಿ ಅಂದರೆ ಬ್ಯಾಂಕಿನ ಬಡ್ಡಿಗಿಂತ ಒಂದು ಕೂದಲಿನಷ್ಟು ಮೇಲೆ. ಅಷ್ಟಕ್ಕೆ ಸ್ಟ್ಯಾಂಡು ಮಾರಿದರೂ ದಡ್ಡತನ, ಹೆಮ್ಮೆಪಟ್ಟರೂ ದಡ್ಡತನ. "ಆದ್ರೆ ಸುಳ್ಳು ನಾನು ಬರೆಯಲ್ಲ" ಅಂದೆ.

"ನೀನ್ಯಾಕೆ ಬರೀತೀಯ? ಮುಳ್ಳೇ ತೋರ್ಸುತ್ತೆ ಬಿಡು" ಅಂದಳು ಪುಟ್ಟಗಂಗಕ್ಕ. ಆವತ್ತಿನಿಂದ ಹೆಂಗಸರು ತಮ್ಮ ತಮ್ಮ ಕಟ್ಟಿನಿಂದ ಒಂದೊಂದೇ ಕಡ್ಡಿ ತೆಗೆದು ರಾಶಿಗೆ ಎಸೆಯುತ್ತಾ ಬಂದರು. ಮುಳ್ಳು ಸಂಕೋಚದಿಂದ ಇಳಿದಂತೆ ಇಳಿಯಿತು. ನಾನು ಕಂಡದ್ದನ್ನು ಬರೆದೆ. ಸಬೀಹಾಳಿಗೆ ಹೇಳಬೇಕು ಅಂತ ಒಂದು ಶನಿವಾರ ಬಾಯಿ ತೆರೆದೆ. ಅವಳು ಅಂಕಿ ನೋಡಿ, "ಇಳೀತಿದೆ ಕಣೇ! ಇನ್ನೂ ಇಳಿಯುತ್ತೆ!" ಅಂದಳು. ಅವಳಿಗೆ ಹೇಳಿದರೆ ಅವಳು ತನ್ನ ಮೂರು ಕೇಜಿಯನ್ನು ಸಾಹುಕಾರರ ಮೇಜಿನ ಮೇಲೆ ಇಡದೆ ಬಿಡುತ್ತಾಳೆಯೇ? ಬಾಯಿ ಮುಚ್ಚಿಕೊಂಡೆ.

ಲೆಕ್ಕ ಒಪ್ಪಿಸುವ ದಿನ ಸಾಹುಕಾರರು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. "ಅರ್ಧ ಕೇಜಿ. ಬ್ಯಾಂಕಿಗಿಂತ ಸ್ವಲ್ಪ ವಾಸಿ. ಪರವಾಗಿಲ್ಲ, ಇರ್ಲಿ ಬಿಡು, ಈಗ ಗುಜರಿಗೆ ಹಾಕಿದ್ರೆ ಕಾಲು ಭಾಗಾನೂ ಹುಟ್ಟಲ್ಲ" ಅಂದರು. ಆಮೇಲೆ ಸಬೀಹಾಳ ಕಡೆ ತಿರುಗಿ, "ಆದ್ರೆ ಇಷ್ಟನ್ನ ಇಟ್ಕೊಂಡು ನನ್ನ ತಮ್ಮನಿಗೆ ಏನಂತ ಹೇಳ್ಲಿ? ಅವನು ನನಗಿಂತ ಜಿಪುಣ. ಬೇಜಾರು ಮಾಡ್ಕೋಬೇಡಮ್ಮ" ಅಂದರು.

ಸಬೀಹಾ "ಇಲ್ಲ ಸರ್" ಅಂದಳು. ಹೊರಗೆ ಬಂದು ಕಾರ್ಖಾನೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ಕಟ್ಟೆಯ ಕಲ್ಲು ಕಿರ್ ಅಂದಿತು.

"ಮೂರು ಇಳಿಯುತ್ತೆ ಅಂದ್ಕೊಂಡಿದ್ದೆ ಪಾರಿ. ನಾನೇ ಕೂತು ಹೊಲಿದು ನೋಡಿದ್ನಲ್ಲ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾಗದೇ ಇದ್ರೆ ಮುಂದಿನದನ್ನ ಹೆಂಗೆ ಮಾಡ್ಲಿ ಹೇಳು?"

ನನ್ನ ಹತ್ತಿರ ಉತ್ತರ ಇತ್ತು, ಆದರೆ ಅದು ನನ್ನ ಒಬ್ಬಳದಲ್ಲ. "ಮನೆಗೆ ಬನ್ನಿ ಅಕ್ಕ, ಊಟ ಮಾಡ್ಕೊಂಡು ಹೋಗಿ" ಅಂದೆ. ಅವಳು ಬೇಡ ಅನ್ನುವುದಕ್ಕೂ ಸಾಕಾಗಿದ್ದವಳಂತೆ ಎದ್ದು ಬಂದಳು. ಸಂಜೆಯ ಬಸ್ಸಿನವನು ಅವಳ ಮುಖ ನೋಡಿ ಮುಂದಿನ ಬಸ್ಸಿಗೆ ಬನ್ನಿ ಅಂದ. ನಡೆದೇ ಹೋದೆವು.

ನೆಂಟರೂ ನಮ್ಮೂರಲ್ಲಿ ಹಲಗೆ ಹತ್ತಬೇಕು. ಬೆಳಗಿನ ತೂಕ ಅವರೇ ಹೇಳುತ್ತಾರೆ, ಯಾರೂ ಸುಳ್ಳು ಅನ್ನುವುದಿಲ್ಲ. ಸಬೀಹಾಳ ದಣಿವು ಏಳು ಕೇಜಿ ದಾಟಿತ್ತು. ಅಷ್ಟು ಹೊತ್ತಿಗೆ ಮನೆ ಸೇರಿ ಗೋಡೆಗೆ ಒರಗಿದ್ದ ಲೋಕಿ, ಮೂಟೆ ಹೊತ್ತು ಬಂದವನು, ಅಂಕಿ ನೋಡಿ ಮೆಚ್ಚಿಕೊಂಡವನಂತೆ ಜರುಗಿ ಜಾಗ ಬಿಟ್ಟ. ಅಮ್ಮ ತನ್ನ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದಳು.

"ಕೆಲಸ ಹೋಯ್ತಾ ಮಗ?" ಅಂದಳು.

"ಹೂಂ ಅಮ್ಮ. ಅರ್ಧ ಕೇಜಿಗೆ ಯಾರು ಕೆಲಸ ಕೊಡ್ತಾರೆ."

ನಾನು ಅಭ್ಯಾಸದಂತೆ ಒಲೆಯ ಕಡೆ ಹೊರಟೆ. ಅಮ್ಮ "ನಿಂತ್ಕೋ" ಅಂದಳು. ಎದ್ದು ನಿಂತು, ಲೋಕಿಯ ಮುಂದೆಯೇ ಸೆರಗಿನ ಒಳಗೆ ಕೈ ಹಾಕಿ ಗಂಟು ಬಿಚ್ಚಿ, ಕಡ್ಡಿಯ ಕಟ್ಟನ್ನು ಸಬೀಹಾಳ ಮಡಿಲಿಗೆ ಇಟ್ಟಳು. "ಇಕೋ. ನೀನು ಕೊಟ್ಟಿದ್ದು. ಇದರ ಜೊತೆ ಆ ಅರ್ಧ ಸೇರಿಸ್ಕೋ, ನಿನ್ನ ಮೂರು ಕೇಜಿ ಆಗುತ್ತೆ."

ಲೋಕಿಗೆ ಮೊದಲು ಅರ್ಥವಾಯಿತು. "ಅಮ್ಮ! ಇಷ್ಟು ದಿನ ನೀನು..."

"ಏನೋ ಇಷ್ಟು ದಿನ? ರೊಟ್ಟಿ ಬೇಕಾ ಬೇಡ್ವಾ ನಿಂಗೆ? ಬೀದಿಗೆ ಹೋಗಿ ಬಾಯಿ ಬಿಟ್ಟೆ ಅಂದ್ರೆ ನೋಡು" ಅಂದು ಅಮ್ಮ ಹಿಟ್ಟಿನ ಡಬ್ಬ ಎತ್ತಿಕೊಂಡು ಒಳಗೆ ಹೋದಳು. ಅವಳು ಹಾಗೆ ಹೋಗುವುದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಲೋಕಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಸಬೀಹಾ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದಳು. ಮತ್ತೆ ಎತ್ತಿದಳು. ಅಳುತ್ತಾಳೇನೋ ಅಂದುಕೊಂಡೆ, ಬೈಯುತ್ತಾಳೇನೋ ಅಂತಲೂ ಅಂದುಕೊಂಡೆ. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅವಳು ಕಟ್ಟನ್ನು ಬಿಚ್ಚಿ, ಕಡ್ಡಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಗಂಟು ಹಾಕಿದ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಲ್ರೂ ಹಿಂಗೇ ಕಟ್ಕೊಳ್ತಾರಾ ಅಮ್ಮ?" ಅಂತ ಒಳಗೆ ಕೂಗಿ ಕೇಳಿದಳು.

"ಹೂಂ. ಯಾಕೆ?"

"ಭಾರ ಎಲ್ಲಾ ಒಂದೇ ಕಡೆ ಬೀಳುತ್ತೆ. ಚೂಪು ತುದಿ ಒಳಗಡೆ ಇದೆ. ಎಡಗಡೆ ಸೊಂಟ ನೋಯಲ್ವಾ ನಿಮ್ಗೆ?"

ಒಳಗೆ ಲಟ್ಟಣಿಗೆ ನಿಂತಿತು. "ನೋಯುತ್ತೆ" ಅಂದಳು ಅಮ್ಮ.

"ಮತ್ತೆ ಹೇಳಬಾರ್ದಾ? ಪಾರಿ, ಹಳೇ ಸೀರೆ ಇದ್ರೆ ತಗೊಂಡ್ ಬಾ. ಸೂಜಿ ದಾರ. ಆ ಸೀಮೆಸುಣ್ಣನೂ ಕೊಡು." ನೆಲದ ಮೇಲೆ ಬಗ್ಗಿ ಅವಳು ಸೊಂಟಕ್ಕೆ ಕಟ್ಟುವ ಪಟ್ಟಿಯ ಚಿತ್ರ ಬರೆಯತೊಡಗಿದಳು. ಸುತ್ತಲೂ ಸಣ್ಣ ಸಣ್ಣ ಖಾನೆ, ಒಂದೊಂದರಲ್ಲೂ ನಾಲ್ಕು ನಾಲ್ಕು ಕಡ್ಡಿ, ಮುಂದೆ ಗುಂಡಿ. ಅಳಿಸಿದಳು, ಮತ್ತೆ ಬರೆದಳು. ಲೋಕಿ ಕೂತಲ್ಲಿಂದಲೇ ಕತ್ತು ಚಾಚಿ, "ಶಬ್ದ ಬರದೇ ಇರೋ ಹಂಗೆ ಮಾಡಿ, ಒಳಗೆ ಹತ್ತಿ ತುಂಬಿ" ಅಂದ. ಹೇಳಿದ ಮೇಲೆ ತಾನೇ ಯಾಕೆ ಹೇಳಿದೆ ಅನ್ನುವ ಹಾಗೆ ಮತ್ತೆ ಗೋಡೆಗೆ ಒರಗಿಕೊಂಡ.

ನಾನು ಸೀರೆಯ ಅಂಚು ಹರಿದು ಕೊಡುತ್ತಾ, "ಅಕ್ಕ, ನಂಗೂ ಒಂದು" ಅಂದೆ.

"ನಿಂಗೂ ಒಂದಾ?" ಒಳಗಿಂದ ಅಮ್ಮನ ದನಿ ಬಂತು. "ಮನೇಲಿ ಎಲ್ರೂ ಭಾರ ಆಗಿ ಕೂತ್ಕೊಂಡ್ರೆ ಒಲೆ ಹಚ್ಚೋರು ಯಾರೇ?"

ಸಬೀಹಾ ದಾರವನ್ನು ಹಲ್ಲಲ್ಲಿ ಕಡಿದು, ಒಂದು ತುದಿ ಹಿಡಿದು ನನ್ನ ಕಡೆ ತಿರುಗಿದಳು.

"ಕೈ ಎತ್ತು" ಅಂದಳು. "ಅಳತೆ ತಗೋಬೇಕು."

ನಾನು ಕೈ ಎತ್ತಿದೆ.